ಮೇರುಜ್ಯೋತಿಯ ಕಣಗಳನ್ನು ಅಳೆಯುವ ಬಗೆ



2024ನೆಯ ಇಸವಿ ಮೇ 10ರ ರಾತ್ರಿ, ಸೂರ್ಯನಿಂದೆದ್ದ ಪ್ರಕ್ಷೋಭದ ಫಲವಾಗಿ, ಲಡಾಖಿನ ಹಾನ್ಲೆಯಲ್ಲಿ ಉತ್ತರದ ಆಕಾಶವು ಕೆಂಪೇರಿತು. ಅಂದು ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ಹತ್ತಿದ್ದರೆ ನಮಗೂ ಕಾಣುತ್ತಿತ್ತಲ್ಲವೆ ಎಂದು ಗುಂಡ್ಲುಪೇಟೆಯವರು ಕೇಳಬಹುದು. ಕಾಣುತ್ತಿರಲಿಲ್ಲ. ಮೇರುಜ್ಯೋತಿಯನ್ನು ಹೊತ್ತಿಸುವ ಎಲೆಕ್ಟ್ರಾನುಗಳು ಭೂಮಿಯ ಅಯಸ್ಕಾಂತ ಬಲರೇಖೆಗಳನ್ನು ಹಿಡಿದೇ ಇಳಿಯತಕ್ಕವು. ಧ್ರುವಗಳ ಬಳಿ ಆ ರೇಖೆಗಳು ನೆಟ್ಟಗೆ ನಿಂತಿವೆ. ಚಾಮರಾಜನಗರದ ಮೇಲಾದರೋ ಹಾಸಿದ ಚಾಪೆಯಂತೆ ಬಹುಮಟ್ಟಿಗೆ ಮಲಗಿವೆ. ಇಳಿಯಲು ದಾರಿಯಿಲ್ಲ.

ಧ್ರುವಪ್ರದೇಶದಲ್ಲಿ ಇಳಿದವನ್ನಾದರೂ ಅಳೆಯುವುದೆಂತು? ಬೆಳಕನ್ನು ನೋಡಿದರೆ ಸಾಲದೆ? ಸಾಲದು. ಹಸಿರು ಬೆಳಕು ಹುಟ್ಟುವುದು ಸುಮಾರು 100 ಕಿಲೋಮೀಟರಿಗೆ ಮೇಲೆ. ಹೆಚ್ಚು ಶಕ್ತಿಯುಳ್ಳ ಕಣಗಳು ಅದಕ್ಕೂ ಕೆಳಗೆ ನುಗ್ಗಿ, ಕಣ್ಣಿಗೆ ಅಷ್ಟಾಗಿ ಗುರುತು ಕೊಡದೆ, ವಾಯುವಿನ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತುಹಾಕುತ್ತವೆ.

ಇವುಗಳಿಗಾಗಿ 1950ರ ದಶಕದಲ್ಲಿ ಅಲಾಸ್ಕದಲ್ಲಿ ರೂಪುಗೊಂಡ ಉಪಕರಣವೇ ರಿಯೋಮೀಟರು. ಇದೂ ಒಂದು ರೇಡಿಯೋ. ಆದರೆ ಯಾವ ನಿಲಯಕ್ಕೂ ಕಿವಿಗೊಡದು. ಆಕಾಶಗಂಗೆಯಿಂದ ಹಗಲಿರುಳೂ ಬರುವ ರೇಡಿಯೋ ಮರ್ಮರವನ್ನು ಸುಮಾರು 30 ಮೆಗಾಹರ್ಟ್ಸಿನಲ್ಲಿ ಕೇಳುತ್ತಿರುವುದು. ಕಣಗಳು ಸುರಿದಾಗ ಆ ಕೆಳಗಿನ ಸ್ತರವು ಮರ್ಮರದ ಒಂದಂಶವನ್ನು ಹೀರಿಬಿಡುವುದು. ಪಕ್ಕದ ಮನೆಯ ಒರಳಿನ ಸದ್ದು ಸಣ್ಣದಾದರೆ ನಡುವೆ ಯಾರೋ ಕದವಿಕ್ಕಿದರೆಂದು ತಿಳಿಯುತ್ತೇವಷ್ಟೆ. ಹಾಗೆಯೇ, ಶಾಂತದಿನಕ್ಕಿಂತ ಸದ್ದು ಎಷ್ಟು ಡೆಸಿಬೆಲ್ ತಗ್ಗಿತೆಂಬುದೇ ಇಲ್ಲಿಯ ಅಳತೆ. ಬಂದದ್ದನ್ನಲ್ಲ, ಬಾರದೆ ಹೋದದ್ದನ್ನು ಲೆಕ್ಕವಿಡುವ ಈ ಯುಕ್ತಿ ನನಗೆ ಬಹು ಮೆಚ್ಚಿಕೆ. ಕಣಗಳ ಶಕ್ತಿ ಎಷ್ಟೆಷ್ಟೆಂದು ಬಿಡಿಸಿ ಹೇಳಲು ಮಾತ್ರ ರಾಕೆಟ್ಟು, ಉಪಗ್ರಹಗಳೇ ಬೇಕು. ಉಪಗ್ರಹವೋ ಒಂದೆಡೆ ನಿಲ್ಲದು. ಅಂಟಾರ್ಕ್ಟಿಕದಲ್ಲಿರುವ ಭಾರತದ ಮೈತ್ರಿ ನಿಲಯದಲ್ಲಿ ರಿಯೋಮೀಟರಿನಿಂದ ಇಂಥ ವೀಕ್ಷಣೆ ನಡೆದಿದೆ.

ಇದರಿಂದ ನಮಗೇನು ಎನ್ನುವಿರಾ? 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನವೊಂದು ಉತ್ತರಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದಿತು. ಮರ್ಮರವನ್ನು ಹೀರುವ ಆ ಸ್ತರವು ಹ್ರಸ್ವತರಂಗದ ಮಾತನ್ನೂ ನುಂಗುವುದು. ಅಂಥ ಹಾದಿಯಲ್ಲಿ ಚಾಲಕರ ದನಿ ನೆಲಕ್ಕೆ ಮುಟ್ಟದಿದ್ದರೆ ಗತಿಯೇನು? ಚಾಮರಾಜನಗರದ ಮಕ್ಕಳೂ ಅದರೊಳಗೆ ಕುಳಿತಿದ್ದಾರು.

ನಮಗೆ ಹತ್ತಿರದಲ್ಲಿಯೂ ಒಂದು ಸಾಕ್ಷಿಯುಂಟು. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ದಾಟಿ ಊಟಿಗೆ ಹೋದರೆ ಅಲ್ಲಿ ಗ್ರೇಪ್ಸ್-3 ಎಂಬ ಪ್ರಯೋಗಕೇಂದ್ರವಿದೆ. ಅದು ಅಳೆಯುವುದು ಬೇರೆ ಜಾತಿಯ ಕಣಗಳನ್ನು. ನಕ್ಷತ್ರಲೋಕದಿಂದ ಬರುವ ವಿಶ್ವಕಿರಣಗಳು ನಮ್ಮ ವಾಯುಮಂಡಲದಲ್ಲಿ ಹುಟ್ಟಿಸುವ ಮ್ಯುಆನುಗಳನ್ನು. 2015ರ ಜೂನ್ 22ರಂದು, ಅಯಸ್ಕಾಂತ ಪ್ರಕ್ಷೋಭದ ನಡುವೆ, ಸುಮಾರು ಎರಡು ಗಂಟೆಯ ಕಾಲ ಅವುಗಳ ಎಣಿಕೆ ವಾಡಿಕೆಗಿಂತ ಏರಿತು. ಭೂಮಿಯ ಅಯಸ್ಕಾಂತದ ತಡೆಯು ಆಗ ಸಡಿಲಿತ್ತೆಂದು ಅಲ್ಲಿಯ ವಿದ್ವಾಂಸರು 2016ರಲ್ಲಿ ಪ್ರಕಟಿಸಿದರು. ನಮ್ಮ ಮೇಲಿನ ಚಾಪೆಯೂ ಅಂದು ತುಸು ಮಿಸುಕಿತ್ತು.