ಎರಡು ನ್ಯಾಯಾಲಯ, ಒಂದು ನ್ಯಾಯ



ನಾನು ಭಾಷಾ ಶಿಕ್ಷಕ, ಕಾನೂನು ಓದಿದವನಲ್ಲ. ಆದರೂ ಈ ವಿಷಯ ಆರಿಸಿಕೊಳ್ಳಲು ಒಂದು ಪದ ಕಾರಣ. ಕನ್ನಡದಲ್ಲಿ ‘ನ್ಯಾಯಾಲಯ’ ಎನ್ನುತ್ತೇವೆ, ಉರ್ದುವಿನಲ್ಲಿ ‘ಅದಾಲತ್’. ಅದರ ಮೂಲ ‘ಅದ್ಲ್’, ಅಂದರೆ ನ್ಯಾಯ. ಎರಡು ಭಾಷೆಗಳೂ ಕೋರ್ಟಿನ ಹೆಸರಿನೊಳಗೇ ನ್ಯಾಯವನ್ನು ಇಟ್ಟಿವೆ. ಹಾಗಾದರೆ ಎರಡು ನ್ಯಾಯಾಲಯಗಳೇ ಎದುರುಬದುರು ನಿಂತರೆ ಯಾರ ಮಾತು ನಡೆಯಬೇಕು?

ನಮ್ಮ ದೇಶದಲ್ಲಿ ನ್ಯಾಯಾಂಗ ಒಂದೇ ಸರಪಳಿ. ಸುಪ್ರೀಂ ಕೋರ್ಟ್ ಸಾರಿದ ಕಾನೂನಿಗೆ ಎಲ್ಲ ನ್ಯಾಯಾಲಯಗಳೂ ಬದ್ಧ ಎಂದು ಸಂವಿಧಾನದ 141ನೆಯ ವಿಧಿ ಹೇಳುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ರಾಜ್ಯದ ನ್ಯಾಯಾಲಯಗಳು ಬೇರೆ, ಫೆಡರಲ್ ಅಂದರೆ ಒಕ್ಕೂಟದ ನ್ಯಾಯಾಲಯಗಳು ಬೇರೆ.

1854ರಲ್ಲಿ ಜೋಶುವಾ ಗ್ಲೋವರ್ ಎಂಬ ಗುಲಾಮ ತನ್ನ ಒಡೆಯನಿಂದ ತಪ್ಪಿಸಿಕೊಂಡು ವಿಸ್ಕಾನ್ಸಿನ್ ರಾಜ್ಯದಲ್ಲಿದ್ದ. ಓಡಿಹೋದ ಗುಲಾಮರನ್ನು ಒಡೆಯರಿಗೆ ಒಪ್ಪಿಸಬೇಕೆಂಬ 1850ರ ಒಕ್ಕೂಟದ ಕಾನೂನಿನಂತೆ ಅವನನ್ನು ಹಿಡಿದು ಮಿಲ್ವಾಕಿಯ ಜೈಲಿಗೆ ಹಾಕಿದರು. ಜನ ಜೈಲಿನ ಬಾಗಿಲು ಮುರಿದು ಬಿಡಿಸಿದರು. ಅವನು ಕೆನಡಾ ಸೇರಿದ. ಇದಕ್ಕೆ ನೆರವಾದನೆಂದು ಪತ್ರಿಕಾ ಸಂಪಾದಕ ಶರ್ಮನ್ ಬೂತ್ ಬಂಧಿತನಾದ. ರಾಜ್ಯದ ಸುಪ್ರೀಂ ಕೋರ್ಟ್ ಆ ಕಾನೂನೇ ಸಂವಿಧಾನಕ್ಕೆ ವಿರುದ್ಧವೆಂದು ಹೇಳಿ ಅವನನ್ನು ಬಿಟ್ಟಿತು. ಒಕ್ಕೂಟದ ನ್ಯಾಯಾಲಯ ಶಿಕ್ಷೆ ವಿಧಿಸಿದಾಗ ಮತ್ತೆ ಬಿಟ್ಟಿತು!

1859ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದ ತೀರ್ಪು ನೀಡಿತು: ಒಕ್ಕೂಟದ ವಶದಲ್ಲಿರುವ ಕೈದಿಯನ್ನು ಬಿಡಿಸುವ ಅಧಿಕಾರ ರಾಜ್ಯದ ನ್ಯಾಯಾಲಯಕ್ಕಿಲ್ಲ. ಪ್ರತಿ ರಾಜ್ಯವೂ ತನಗೆ ತೋಚಿದಂತೆ ಅರ್ಥ ಮಾಡಿದರೆ ದೇಶಕ್ಕೊಂದು ಕಾನೂನು ಉಳಿಯುವುದಿಲ್ಲ ಎಂಬುದು ಅದರ ತಿರುಳು. ತತ್ತ್ವ ಸರಿ. ಆದರೆ ಅಂದು ಅದು ಕಾಪಾಡಿದ್ದು ಗುಲಾಮಗಿರಿಯನ್ನು. ನ್ಯಾಯದ ಪಕ್ಷದಲ್ಲಿದ್ದ ನ್ಯಾಯಾಲಯ ಸೋತಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಆ ಕಾನೂನು 1864ರಲ್ಲಿ ರದ್ದಾಯಿತು. 1865ರಲ್ಲಿ ಸಂವಿಧಾನದ 13ನೆಯ ತಿದ್ದುಪಡಿ ಗುಲಾಮಗಿರಿಯನ್ನೇ ಅಳಿಸಿತು. 1957ರಲ್ಲಿ ಲಿಟಲ್ ರಾಕ್ ಊರಿನಲ್ಲಿ 9 ಮಂದಿ ಕಪ್ಪು ವರ್ಣದ ಮಕ್ಕಳು ಶಾಲೆಗೆ ಹೊರಟಾಗ ರಾಜ್ಯಪಾಲನೇ ಸೈನಿಕರನ್ನಿಟ್ಟು ತಡೆದ. 1958ರಲ್ಲಿ ಸುಪ್ರೀಂ ಕೋರ್ಟು, ಸಂವಿಧಾನದ ಬಗ್ಗೆ ತಾನು ಹೇಳಿದ್ದು ರಾಜ್ಯಗಳಿಗೂ ಬದ್ಧ ಎಂದಿತು. 9 ನ್ಯಾಯಮೂರ್ತಿಗಳೂ ಸಹಿ ಹಾಕಿದರು. ಆಧಾರವಾಗಿ ನೆನೆದ ತೀರ್ಪುಗಳಲ್ಲಿ ಬೂತ್ ಪ್ರಕರಣವೂ ಒಂದು. ಗುಲಾಮನನ್ನು ಹಿಂದಕ್ಕೆ ಎಳೆದ ತತ್ತ್ವವೇ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಿತು.

ವಿದ್ಯಾರ್ಥಿ ಮಿತ್ರರೆ, ಯಾವ ನ್ಯಾಯಾಲಯ ದೊಡ್ಡದು ಎಂಬ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿದೆ. ದೊಡ್ಡ ನ್ಯಾಯಾಲಯ ಯಾವ ಕಾನೂನನ್ನು ಎತ್ತಿಹಿಡಿಯಬೇಕು ಎಂಬುದಕ್ಕೆ ಉತ್ತರ ಬರೆಯಬೇಕಾದವರು ಜನರು, ಅಂದರೆ ನಾವು. ಕಾನೂನು ಓದಿ, ಸಂವಿಧಾನ ಓದಿ, ಮತ ಹಾಕಿ. ತಕ್ಕಡಿ ಒಂದೇ ಇದ್ದರೆ ಸಾಲದು, ತೂಕದ ಕಲ್ಲೂ ಸರಿಯಿರಬೇಕು. ಆಗಲೇ ‘ಅದಾಲತ್’ ಎಂಬ ಹೆಸರು ಸಾರ್ಥಕ.