ಹಿಂದೆ ಇರುವವನಿಗೂ ಒಂದು ಅವಕಾಶ

ಇವತ್ತು ರಾಜಕೀಯ ಬೇಡ, ಅದು ದಿನಾ ಇದ್ದದ್ದೇ. ಇವತ್ತು ಕಾರ್ ರೇಸ್ ಬಗ್ಗೆ ಮಾತಾಡೋಣ. ಫಾರ್ಮುಲಾ ಒನ್ ಅಂದ ತಕ್ಷಣ "ಅದು ಶ್ರೀಮಂತರ ಆಟ, ನಮಗ್ಯಾಕೆ" ಅಂತ ರಿಮೋಟ್ ಕೈಗೆ ತಗೋಬೇಡಿ. ಒಂದು ಹತ್ತು ನಿಮಿಷ ಕೂತ್ಕೊಳ್ಳಿ. ನಿಯಮದ ಪುಸ್ತಕದಲ್ಲಿ ಒಂದು ಸಾಲು ಬದಲಾದ್ರೆ ಇಡೀ ಆಟವೇ ಹೇಗೆ ಬದಲಾಗುತ್ತೆ, ಯಾರ ಕೈಗೆ ಕಪ್ ಹೋಗುತ್ತೆ ಅನ್ನೋದು ಹೇಗೆ ತೀರ್ಮಾನ ಆಗುತ್ತೆ ಅನ್ನೋದನ್ನ ತಿಳ್ಕೊಳ್ಳೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗೋದು ಕಷ್ಟ.

2009ರ ಆಗಸ್ಟ್. ಬೆಲ್ಜಿಯಂನ ಸ್ಪಾ ಟ್ರ್ಯಾಕ್. ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡ ಅಲ್ಲಿ ಕಣದಲ್ಲಿತ್ತು. ಮಲ್ಯ ಆಮೇಲೆ ಏನಾದ್ರು ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ಆ ಕಥೆ ಇವತ್ತು ಬೇಡ. ಅಲ್ಲಿಯವರೆಗೆ ಒಂದೇ ಒಂದು ಪಾಯಿಂಟ್ ಗಳಿಸದಿದ್ದ ಆ ತಂಡದ ಜಿಯಾನ್‌ಕಾರ್ಲೋ ಫಿಸಿಕೆಲ್ಲಾ ಶನಿವಾರ ಎಲ್ಲರಿಗಿಂತ ವೇಗವಾಗಿ ಓಡಿಸಿ ಮೊದಲ ಸ್ಥಾನದಿಂದ ರೇಸ್ ಶುರು ಮಾಡುವ ಹಕ್ಕು ಗಳಿಸಿಬಿಟ್ಟ! ಇಡೀ ಜಗತ್ತು ಕಣ್ಣರಳಿಸಿ ನೋಡಿತು.

ಭಾನುವಾರ ಏನಾಯ್ತು? ಮೊದಲ ಸುತ್ತಿನಲ್ಲೇ ಅಪಘಾತ ಆಗಿ ಸೇಫ್ಟಿ ಕಾರ್ ಬಂತು. ಅದು ಪಕ್ಕಕ್ಕೆ ಸರಿದು ರೇಸ್ ಮತ್ತೆ ಶುರುವಾದ ಕೂಡಲೇ, ಉದ್ದನೆಯ ನೇರ ದಾರಿಯಲ್ಲಿ ಫೆರಾರಿಯ ಕಿಮಿ ರೈಕೊನೆನ್ ಬಂದು ದಾಟಿ ಹೋದ. ಅವನ ಕಾರಿನಲ್ಲಿ ಕರ್ಸ್ ಅನ್ನೋ ಸಾಧನ ಇತ್ತು. ಬ್ರೇಕ್ ಹಾಕುವಾಗ ಪೋಲಾಗುವ ಶಕ್ತಿಯನ್ನು ಕೂಡಿಟ್ಟುಕೊಂಡು, ಒಂದು ಗುಂಡಿ ಒತ್ತಿದ್ರೆ ಸುತ್ತಿಗೆ ಆರೂವರೆ ಸೆಕೆಂಡಿಗೂ ತುಸು ಹೆಚ್ಚು ಕಾಲ ಸುಮಾರು 80 ಕುದುರೆಶಕ್ತಿ ಹೆಚ್ಚಿಗೆ ಕೊಡುವ ಸಾಧನ. ಆ ವರ್ಷ ನಿಯಮ ಅದಕ್ಕೆ ಅನುಮತಿ ಕೊಟ್ಟಿತ್ತು, ಕಡ್ಡಾಯ ಮಾಡಿರಲಿಲ್ಲ. ಫೋರ್ಸ್ ಇಂಡಿಯಾ ಕಾರಿನಲ್ಲಿ ಅದು ಇರಲಿಲ್ಲ. ಫಿಸಿಕೆಲ್ಲಾ ಬಿಡದೆ ಬೆನ್ನಟ್ಟಿದ. ಕೊನೆಗೆ ಗೆರೆ ದಾಟಿದಾಗ ಇಬ್ಬರ ನಡುವೆ ಇದ್ದ ಅಂತರ 0.939 ಸೆಕೆಂಡ್. ಒಂದು ಸೆಕೆಂಡ್ ಕೂಡ ಇಲ್ಲ! ಚಾಲಕನ ಕೈಚಳಕದಷ್ಟೇ ಲೆಕ್ಕಕ್ಕೆ ಬಂದದ್ದು ನಿಯಮ ಯಾವ ಸಾಧನಕ್ಕೆ ಅನುಮತಿ ಕೊಟ್ಟಿತ್ತು ಅನ್ನೋದು.

ಸರಿ, ಸ್ಪಾದಲ್ಲಿ ಹೋಗಿದ್ದು ಒಂದು ರೇಸ್. ಮರುವರ್ಷ ಒಬ್ಬನ ಕೈಯಿಂದ ವಿಶ್ವ ಚಾಂಪಿಯನ್ ಪಟ್ಟವೇ ಹೋಯ್ತು. 2010ರ ನವೆಂಬರ್, ಅಬುಧಾಬಿ, ಋತುವಿನ ಕೊನೆಯ ರೇಸ್. ಫೆರಾರಿಯ ಫರ್ನಾಂಡೊ ಅಲೋನ್ಸೊ ಅಂಕಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದ. ನಾಲ್ಕನೇ ಸ್ಥಾನ ಬಂದ್ರೆ ಸಾಕಿತ್ತು, ಪಟ್ಟ ಅವನದೇ. ಆದ್ರೆ ಟೈರ್ ಬದಲಿಸಿ ಹೊರಬಂದಾಗ ರಷ್ಯಾದ ವಿಟಾಲಿ ಪೆಟ್ರೋವ್ ಅನ್ನೋ ಹೊಸ ಹುಡುಗನ ರೆನೋ ಕಾರಿನ ಹಿಂದೆ ಸಿಕ್ಕಿಹಾಕಿಕೊಂಡ. ಹತ್ತು ಸುತ್ತು ಆಯ್ತು, ಇಪ್ಪತ್ತಾಯ್ತು, ಮೂವತ್ತಾಯ್ತು. ದಾಟೋಕೆ ಆಗಲೇ ಇಲ್ಲ. ಎರಡು ಸಲ ವಿಶ್ವ ಚಾಂಪಿಯನ್ ಆಗಿದ್ದವನು ಏಳನೇ ಸ್ಥಾನಕ್ಕೆ ಇಳಿದ, 4 ಪಾಯಿಂಟ್‌ಗಳಿಂದ ಪಟ್ಟ ಕಳೆದುಕೊಂಡ. 23 ವರ್ಷದ ಸೆಬಾಸ್ಟಿಯನ್ ವೆಟಲ್ ಚಾಂಪಿಯನ್ ಆದ.

ಯಾಕೆ ದಾಟೋಕೆ ಆಗಲಿಲ್ಲ? ಇಲ್ಲೇ ಕಾರಿನ ವಿನ್ಯಾಸದ ಗುಟ್ಟು ಇರೋದು.

ಚಿಕ್ಕವರಿದ್ದಾಗ ಸೈಕಲ್ ತುಳೀತಾ ಬಸ್ಸಿನ ಹಿಂದೆ ಹೋಗಿದ್ದೀರಾ? ಎದುರುಗಾಳಿಯನ್ನು ಬಸ್ಸೇ ತಡೆಯುತ್ತೆ, ನಮಗೆ ತುಳಿಯೋದು ಹಗುರ. ರೇಸ್ ಕಾರಿಗೂ ನೇರ ದಾರಿಯಲ್ಲಿ ಇದೇ ಲಾಭ. ಆದ್ರೆ ತಿರುವಿನಲ್ಲಿ ಕಥೆ ಉಲ್ಟಾ. ಫಾರ್ಮುಲಾ ಒನ್ ಕಾರಿಗೆ ಹಿಂದೆ ಮುಂದೆ ರೆಕ್ಕೆ ಇರುತ್ತಲ್ಲ, ಅದು ವಿಮಾನದ ರೆಕ್ಕೆಗೆ ತದ್ವಿರುದ್ಧ. ವಿಮಾನದ್ದು ಮೇಲಕ್ಕೆ ಎತ್ತುತ್ತೆ, ಇದು ಕಾರನ್ನು ನೆಲಕ್ಕೆ ಒತ್ತುತ್ತೆ. ಈ ಒತ್ತುವ ಬಲಕ್ಕೆ ಡೌನ್‌ಫೋರ್ಸ್ ಅಂತಾರೆ. ಅದು ಇದ್ದರೇನೇ ಆ ವೇಗದಲ್ಲಿ ತಿರುವು ತಗೊಳ್ಳೋಕೆ ಸಾಧ್ಯ. ಆದ್ರೆ ರೆಕ್ಕೆ ಕೆಲಸ ಮಾಡಬೇಕಾದ್ರೆ ಅದಕ್ಕೆ ನೆಟ್ಟಗಿನ ಗಾಳಿ ಬೇಕು. ಮುಂದಿನ ಕಾರು ಗಾಳಿಯನ್ನೆಲ್ಲ ಕಲಕಿ, ಸುಳಿ ಎಬ್ಬಿಸಿ ಹಿಂದಕ್ಕೆ ಎಸೀತಾ ಹೋದ್ರೆ ಹಿಂದಿನವನ ರೆಕ್ಕೆಗೆ ಏನು ಸಿಗುತ್ತೆ? ಈ ಕೆಟ್ಟ ಗಾಳಿಗೆ ಡರ್ಟಿ ಏರ್ ಅಂತಾನೇ ಹೆಸರು. ತಿರುವಿನಲ್ಲಿ ಹಿಂದಿನ ಕಾರು ಜಾರುತ್ತೆ, ಟೈರ್ ಕಾಯುತ್ತೆ, ಚಾಲಕ ವೇಗ ಇಳಿಸಲೇಬೇಕು. ಮುಂದಿನ ನೇರ ದಾರಿ ಬರೋ ಹೊತ್ತಿಗೆ ಅಂತರ ಜಾಸ್ತಿ ಆಗಿರುತ್ತೆ. ಅಂದ್ರೆ ವೇಗ ಇದ್ದವನೂ ಹಿಂದೆಯೇ ಉಳೀತಾನೆ.

ಅಬುಧಾಬಿಯಲ್ಲಿ ಅಲೋನ್ಸೊ ಪಟ್ಟಪಾಡನ್ನು ಜಗತ್ತು ನೋಡಿದ ಮೇಲೆ, 2011ರಲ್ಲಿ ಡಿಆರ್‌ಎಸ್ ಬಂತು. ಮುಂದಿನ ಕಾರಿಗಿಂತ ಒಂದು ಸೆಕೆಂಡಿನೊಳಗೆ ಇದ್ದರೆ, ಗೊತ್ತುಮಾಡಿದ ಜಾಗದಲ್ಲಿ ಹಿಂದಿನವನು ತನ್ನ ಹಿಂಬದಿಯ ರೆಕ್ಕೆಯ ಒಂದು ಪಟ್ಟಿಯನ್ನು ತೆರೆಯಬಹುದು. ಗಾಳಿಯ ತಡೆ ಕಡಿಮೆಯಾಗಿ ವೇಗ ಏರುತ್ತೆ. ಮುಂದಿನವನಿಗೆ ಅವನ ಮೇಲೆ ಇದನ್ನು ತಿರುಗಿಸಿ ಬಳಸುವ ಹಾಗಿಲ್ಲ. ಓವರ್‌ಟೇಕ್‌ಗಳ ಸಂಖ್ಯೆ ಏರಿತು. ನೋಡುವವರಿಗೆ ಖುಷಿ ಆಯ್ತಾ? ಅರ್ಧ ಆಯ್ತು. ಕೆಲವು ಟ್ರ್ಯಾಕ್‌ಗಳಲ್ಲಿ ಹೆದ್ದಾರಿಯಲ್ಲಿ ಕಾರು ಟ್ರ್ಯಾಕ್ಟರನ್ನು ದಾಟಿದ ಹಾಗೆ ಒಬ್ಬ ಇನ್ನೊಬ್ಬನನ್ನು ದಾಟಿ ಹೋಗೋದು ಶುರುವಾಯ್ತು. ತಡೆಯೋಕೆ ಅವಕಾಶವೇ ಇಲ್ಲದ ಕಡೆ ಹೋರಾಟ ಎಲ್ಲಿಂದ ಬರುತ್ತೆ ಹೇಳಿ?

ಹಾಗಾದ್ರೆ ಓವರ್‌ಟೇಕ್ ಆದ್ರೇನೇ ರೋಚಕವಾ? 1992ರ ಮೊನಾಕೊ ನೆನಪಿಸಿಕೊಳ್ಳಿ. ಆ ವರ್ಷದ ಮೊದಲ ಐದೂ ರೇಸ್ ಗೆದ್ದಿದ್ದ ನೈಜಲ್ ಮ್ಯಾನ್ಸೆಲ್, ಅಲ್ಲೂ ಮುಂದಿದ್ದ. ಕೊನೆಯ ಕೆಲವು ಸುತ್ತು ಇರುವಾಗ ಚಕ್ರದ ತೊಂದರೆಯಿಂದ ಒಳಗೆ ಬರಬೇಕಾಯ್ತು. ಹೊಸ ಟೈರ್ ಹಾಕಿಸಿ ಹೊರಬಂದಾಗ ಅಯರ್ಟನ್ ಸೆನ್ನಾ ಮುಂದೆ. ಮ್ಯಾನ್ಸೆಲ್ ಕಾರಿನ ವೇಗವೇ ಬೇರೆ. ಎಡಕ್ಕೆ ಬಂದ, ಬಲಕ್ಕೆ ಬಂದ, ಸೆನ್ನಾ ಜಾಗ ಕೊಡಲಿಲ್ಲ. 0.215 ಸೆಕೆಂಡ್ ಅಂತರದಲ್ಲಿ ಸೆನ್ನಾ ಗೆದ್ದ. ಅವರಿಬ್ಬರ ನಡುವೆ ಆ ಕೊನೆಯ ಸುತ್ತುಗಳಲ್ಲಿ ಒಂದೂ ಓವರ್‌ಟೇಕ್ ಆಗಲಿಲ್ಲ. ಆದರೂ ಜನ ಇವತ್ತಿಗೂ ಅದನ್ನ ಹಾಕ್ಕೊಂಡು ನೋಡ್ತಾರೆ. ಯಾಕಂದ್ರೆ ಏನಾಗುತ್ತೋ ಅನ್ನೋದು ಕೊನೆಯ ತಿರುವಿನವರೆಗೂ ಯಾರಿಗೂ ಗೊತ್ತಿರಲಿಲ್ಲ.

ಅದೇ ಮೊನಾಕೊದಲ್ಲಿ 2024ರಲ್ಲಿ ಏನಾಯ್ತು? ಮೊದಲ ಹತ್ತು ಜನ ಯಾವ ಕ್ರಮದಲ್ಲಿ ಹೊರಟರೋ ಅದೇ ಕ್ರಮದಲ್ಲಿ ಮುಗಿಸಿದರು. ಫಾರ್ಮುಲಾ ಒನ್ ಇತಿಹಾಸದಲ್ಲಿ ಹಾಗಾಗಿದ್ದು ಅದೇ ಮೊದಲು. ಬೀದಿ ಅದೇ, ಕಾರು ಮಾತ್ರ ಎರಡು ಮೀಟರ್ ಅಗಲ, ಐದು ಮೀಟರಿಗೂ ಹೆಚ್ಚು ಉದ್ದ ಆಗಿಬಿಟ್ಟಿತ್ತು. ಪಕ್ಕದಲ್ಲಿ ತೂರೋಕೆ ಜಾಗ ಎಲ್ಲಿದೆ? ಅದಕ್ಕೆ ಅಧಿಕಾರಿಗಳು ಕಂಡುಕೊಂಡ ಮದ್ದು ಏನು ಗೊತ್ತಾ? 2025ರಲ್ಲಿ ಮೊನಾಕೊದಲ್ಲಿ ಎಲ್ಲರೂ ಎರಡು ಸಲ ಟೈರ್ ಬದಲಿಸಬೇಕು ಅಂತ ನಿಯಮ ಮಾಡಿದರು. ತಂಡಗಳು ಚಾಪೆ ಕೆಳಗೆ ತೂರಿದ್ರೆ ರಂಗೋಲಿ ಕೆಳಗೆ ತೂರೋ ಜನ. ಒಂದೇ ತಂಡದ ಇಬ್ಬರಲ್ಲಿ ಒಬ್ಬ ಬೇಕಂತಲೇ ನಿಧಾನವಾಗಿ ಓಡಿಸಿ ಹಿಂದಿನವರನ್ನೆಲ್ಲ ತಡೆದು ನಿಲ್ಲಿಸೋದು, ಇನ್ನೊಬ್ಬ ಆರಾಮವಾಗಿ ಹೋಗಿ ಟೈರ್ ಬದಲಿಸಿ ಬರೋದು. ವೇಗದ ಆಟದಲ್ಲಿ ನಿಧಾನವೇ ಜಾಣತನ ಆಗಿಬಿಡ್ತು. ರೋಗ ಇದ್ದದ್ದು ಕಾರಿನ ಗಾತ್ರದಲ್ಲಿ ಮತ್ತು ಬೀದಿಯಲ್ಲಿ, ಔಷಧಿ ಹಚ್ಚಿದ್ದು ಟೈರಿಗೆ!

ಇಷ್ಟಕ್ಕೇ ನಿಂತಿದ್ರೆ ತಮಾಷೆ ಅಂತ ಬಿಟ್ಟುಬಿಡಬಹುದಿತ್ತು. ಆದ್ರೆ 2021ರ ಡಿಸೆಂಬರ್ 12ಕ್ಕೆ ಹೋಗೋಣ. ಮತ್ತೆ ಅಬುಧಾಬಿ, ಮತ್ತೆ ಕೊನೆಯ ರೇಸ್. ಲೂಯಿಸ್ ಹ್ಯಾಮಿಲ್ಟನ್ ಮತ್ತು ಮ್ಯಾಕ್ಸ್ ವೆರ್ಸ್ಟಾಪೆನ್ ಇಬ್ಬರಿಗೂ ತಲಾ 369.5 ಪಾಯಿಂಟ್. ಹ್ಯಾಮಿಲ್ಟನ್ ಗೆದ್ದಿದ್ರೆ ಎಂಟನೇ ಪಟ್ಟ, ಹಿಂದೆ ಯಾರೂ ಮುಟ್ಟದ ದಾಖಲೆ. ಅವನು ಹತ್ತು ಸೆಕೆಂಡಿಗೂ ಹೆಚ್ಚು ಮುಂದಿದ್ದ. 58 ಸುತ್ತಿನ ರೇಸ್‌ನ 53ನೇ ಸುತ್ತಿನಲ್ಲಿ ನಿಕೋಲಸ್ ಲತೀಫಿಯ ಕಾರು ಗೋಡೆಗೆ ಬಡಿಯಿತು. ಸೇಫ್ಟಿ ಕಾರ್ ಬಂತು. ವೆರ್ಸ್ಟಾಪೆನ್ ಹೊಸ ಟೈರ್ ಹಾಕಿಸಿಕೊಂಡ. ಹ್ಯಾಮಿಲ್ಟನ್ ಹತ್ತಿರ ಇದ್ದದ್ದು 40ಕ್ಕೂ ಹೆಚ್ಚು ಸುತ್ತು ಓಡಿದ ಹಳೇ ಟೈರ್. ಇಬ್ಬರ ನಡುವೆ ಒಂದು ಸುತ್ತು ಹಿಂದೆ ಬಿದ್ದಿದ್ದ ಐದು ಕಾರು. ಅಲ್ಲಿಯವರೆಗಿನ ಪದ್ಧತಿ ಏನು? ಹಿಂದೆ ಬಿದ್ದಿದ್ದ ಎಲ್ಲಾ ಕಾರುಗಳನ್ನೂ ಮುಂದೆ ಬಿಡಬೇಕು, ಆಮೇಲೆ ಇನ್ನೊಂದು ಸುತ್ತು ಕಳೆದ ಮೇಲೆ ಸೇಫ್ಟಿ ಕಾರ್ ಒಳಗೆ ಹೋಗಬೇಕು. ರೇಸ್ ಡೈರೆಕ್ಟರ್ ಮೈಕಲ್ ಮಾಸಿ ಆ ಐದನ್ನು ಮಾತ್ರ ಬಿಟ್ಟರು, ಅದೇ ಸುತ್ತಿನಲ್ಲಿ ಸೇಫ್ಟಿ ಕಾರನ್ನೂ ಒಳಗೆ ಕರೆದರು. ಉಳಿದದ್ದು ಒಂದೇ ಸುತ್ತು. ವೆರ್ಸ್ಟಾಪೆನ್ ದಾಟಿದ, ಚಾಂಪಿಯನ್ ಆದ.

ಅದಕ್ಕಿಂತ ರೋಚಕವಾದ ಕೊನೆಯ ಸುತ್ತು ಬೇಕಾ? ಸಿನಿಮಾದವರೂ ಹಾಗೆ ಬರೆಯೋಕಾಗಲ್ಲ. ಆದ್ರೆ ಆ ರಾತ್ರಿ ಅರ್ಧ ಜಗತ್ತು ಕುಣೀತಾ ಇತ್ತು, ಇನ್ನರ್ಧ ಜಗತ್ತಿಗೆ ತಮ್ಮ ಜೇಬಿಗೇ ಕೈ ಹಾಕಿದ ಹಾಗೆ ಆಗಿತ್ತು. ವೆರ್ಸ್ಟಾಪೆನ್ ತಪ್ಪೇನೂ ಇಲ್ಲ, ಅವನು ಇಡೀ ವರ್ಷ ಅದ್ಭುತವಾಗಿ ಓಡಿಸಿದ್ದ, ಸಿಕ್ಕ ಅವಕಾಶ ಬಿಡಲಿಲ್ಲ. ವಿಶ್ವ ಸಂಸ್ಥೆ ಎಫ್‌ಐಎ ತನಿಖೆ ಮಾಡಿ, ಅದು ಮನುಷ್ಯ ಸಹಜ ತಪ್ಪು, ಫಲಿತಾಂಶ ಮಾತ್ರ ಬದಲಾಗಲ್ಲ ಅಂತ ಹೇಳ್ತು. ಮಾಸಿಯನ್ನು ಆ ಹುದ್ದೆಯಿಂದ ತೆಗೆದರು. ಮರುವರ್ಷದ ನಿಯಮ ಪುಸ್ತಕದಲ್ಲಿ ಹಿಂದೆ ಬಿದ್ದ "ಯಾವುದೇ ಕಾರುಗಳು" ಅಂತ ಇದ್ದದ್ದನ್ನು "ಎಲ್ಲಾ ಕಾರುಗಳು" ಅಂತ ತಿದ್ದಿದರು. ಒಂದು ಪದ ಸ್ವಾಮಿ, ಒಂದೇ ಒಂದು ಪದ! ಅದಕ್ಕೆ ತೆತ್ತ ಬೆಲೆ ಒಂದು ವಿಶ್ವ ಪಟ್ಟದ ಮೇಲೆ ಇವತ್ತಿಗೂ ಮುಗಿಯದ ಜಗಳ.

ಇದಕ್ಕೆ ಎದುರಾಗಿ, ಸರಿಯಾದ ದಾರಿಯಲ್ಲಿ ಮಾಡಿದ ಕೆಲಸವೂ ಇದೆ. ಅದನ್ನ ಹೇಳದಿದ್ರೆ ಅನ್ಯಾಯ. 2022ರಲ್ಲಿ ಕಾರನ್ನೇ ಹೊಸದಾಗಿ ಬರೆದರು. ರೆಕ್ಕೆಗಳ ಮೇಲಿನ ಭಾರ ಇಳಿಸಿ, ಕಾರಿನ ಹೊಟ್ಟೆಯ ಕೆಳಗೆ ಸುರಂಗದಂಥ ಜಾಗ ಕೊಟ್ಟು, ಅಲ್ಲಿ ಹರಿಯುವ ಗಾಳಿಯಿಂದಲೇ ಕಾರನ್ನು ನೆಲಕ್ಕೆ ಎಳೆಯುವ ವಿದ್ಯೆ. ಇದು ಹೊಸದೇನೂ ಅಲ್ಲ. 1978ರಲ್ಲಿ ಕಾಲಿನ್ ಚಾಪ್ಮನ್ ಅವರ ಲೋಟಸ್ ಕಾರು ಇದೇ ವಿದ್ಯೆಯಿಂದ ಮಾರಿಯೋ ಆಂಡ್ರೆಟ್ಟಿಯನ್ನು ಚಾಂಪಿಯನ್ ಮಾಡಿತ್ತು. ತಿರುವಿನ ವೇಗ ಅಪಾಯದ ಮಟ್ಟಕ್ಕೆ ಏರಿದ್ದರಿಂದ 1983ರಲ್ಲಿ ಕಾರಿನ ತಳ ಚಪ್ಪಟೆ ಇರಬೇಕು ಅಂತ ನಿಯಮ ಮಾಡಿ ನಿಲ್ಲಿಸಿದ್ದರು. ಅದನ್ನೇ ಹೊಸ ಲೆಕ್ಕಾಚಾರದಲ್ಲಿ ವಾಪಸ್ ತಂದರು. ಫಾರ್ಮುಲಾ ಒನ್ ಕೊಟ್ಟ ಲೆಕ್ಕ ಕೇಳಿ: 2021ರ ಕಾರು ಮುಂದಿನ ಕಾರಿಗೆ 10 ಮೀಟರ್ ಹತ್ತಿರ ಬಂದ್ರೆ 46% ಡೌನ್‌ಫೋರ್ಸ್ ಕಳೆದುಕೊಳ್ಳುತ್ತಿತ್ತು. ಹೊಸ ವಿನ್ಯಾಸದಲ್ಲಿ ಅದು 18% ಮಾತ್ರ. ಇಲ್ಲಿ ಯಾರಿಗೂ ಗೆಲುವನ್ನು ತಟ್ಟೆಯಲ್ಲಿಟ್ಟು ಕೊಡಲಿಲ್ಲ. ಹಿಂದಿನವನಿಗೆ ಉಸಿರಾಡೋಕೆ ಒಳ್ಳೆ ಗಾಳಿ ಕೊಟ್ಟರು, ದಾಟೋದು ಬಿಡೋದು ಅವನ ತಾಕತ್ತಿಗೆ ಬಿಟ್ಟರು.

"ಹಾಗಿದ್ರೆ 2023ರಲ್ಲಿ ಏನಾಯ್ತು?" ಅಂತ ಕೇಳ್ತೀರಿ. ಒಳ್ಳೆ ಪ್ರಶ್ನೆ. 22 ರೇಸ್‌ಗಳಲ್ಲಿ 21ನ್ನು ರೆಡ್‌ಬುಲ್ ಒಂದೇ ತಂಡ ಗೆದ್ದಿತು, ಅದರಲ್ಲಿ ವೆರ್ಸ್ಟಾಪೆನ್ ಒಬ್ಬನೇ 19. ನಿಯಮ ಹೊಸದಾದಾಗ ಒಬ್ಬ ಬುದ್ಧಿವಂತ ಮೊದಲು ಗುಟ್ಟು ಹಿಡೀತಾನೆ, ಉಳಿದವರು ಬಾಯಿ ಬಿಟ್ಕೊಂಡು ನೋಡ್ತಾರೆ. ಇದು ಯಾವಾಗಲೂ ಆಗಿದ್ದೇ. ಆದ್ರೆ ಅದೇ ನಿಯಮದಲ್ಲಿ, 2024ರಲ್ಲಿ ಏಳು ಬೇರೆ ಬೇರೆ ಚಾಲಕರು ತಲಾ ಎರಡಕ್ಕಿಂತ ಕಡಿಮೆ ಇಲ್ಲದಂತೆ ರೇಸ್ ಗೆದ್ದರು. 2023ರ ಶುರುವಿನಲ್ಲಿ ಬಾಲದ ತುದಿಯಲ್ಲಿದ್ದ ಮೆಕ್‌ಲಾರೆನ್, 1998ರ ನಂತರ ಮೊದಲ ಸಲ ತಂಡಗಳ ಪಟ್ಟ ಗೆದ್ದಿತು.

ಇದು ಹೇಗಾಯ್ತು? ಕಾರಿನ ನಿಯಮದ ಜೊತೆಗೆ ದುಡ್ಡಿನ ನಿಯಮವೂ ಬಂದಿತ್ತು. 2021ರಿಂದ ತಂಡಗಳ ಖರ್ಚಿಗೆ ಮಿತಿ, ಮೊದಲ ವರ್ಷ 145 ಮಿಲಿಯನ್ ಡಾಲರ್. ಇನ್ನೊಂದು ನಿಯಮ ನನಗೆ ತುಂಬಾ ಇಷ್ಟ. ಕಾರಿನ ಮಾದರಿಯನ್ನು ಗಾಳಿಯ ಸುರಂಗದಲ್ಲಿಟ್ಟು ಪರೀಕ್ಷೆ ಮಾಡ್ತಾರಲ್ಲ, ಆ ಸಮಯವನ್ನೂ ಹಂಚಿದರು. ಚಾಂಪಿಯನ್ ತಂಡಕ್ಕೆ ಮೂಲ ಪ್ರಮಾಣದ 70%, ಕೆಳಗೆ ಇಳಿದ ಹಾಗೆಲ್ಲ ಹೆಚ್ಚು, ಹತ್ತನೇ ಸ್ಥಾನದವರಿಗೆ 115%. ಸೋತವನಿಗೆ ಪಾಯಿಂಟ್ ಕೊಡಲಿಲ್ಲ, ಕಲಿಯೋಕೆ ಸಮಯ ಕೊಟ್ಟರು. ಫಲ ಬರೋಕೆ ಮೂರು ವರ್ಷ ಬೇಕಾಯ್ತು. ನಡುವೆ ಬೇಸರ ಆಯ್ತು ಅಂತ ನಿಯಮ ತಿರುಚಿದ್ದಿದ್ರೆ ಆ ಫಲ ಬರ್ತಾನೇ ಇರಲಿಲ್ಲ.

ಈಗ 2026ರಿಂದ ಮತ್ತೆ ಹೊಸ ಪುಸ್ತಕ. ಡಿಆರ್‌ಎಸ್ ಹೋಯ್ತು. ಗೊತ್ತುಮಾಡಿದ ನೇರ ದಾರಿಗಳಲ್ಲಿ ಎಲ್ಲರೂ ಮುಂದಿನ ಹಿಂದಿನ ಎರಡೂ ರೆಕ್ಕೆ ತೆರೆಯಬಹುದು. ಒಂದು ಸೆಕೆಂಡಿನೊಳಗೆ ಬೆನ್ನಟ್ಟಿದವನಿಗೆ ವಿದ್ಯುತ್ ಶಕ್ತಿ ಸ್ವಲ್ಪ ಹೆಚ್ಚಿಗೆ ಸಿಗುತ್ತೆ. ಕಾರು 10 ಸೆಂಟಿಮೀಟರ್ ಕಿರಿದಾಗಿದೆ, ಸುಮಾರು 30 ಕಿಲೋ ಹಗುರಾಗಿದೆ. ಒಟ್ಟು ಶಕ್ತಿಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ವಿದ್ಯುತ್ತಿನದು. ಇದೂ ಒಂದು ಪ್ರಯೋಗವೇ. ಮತ್ತೆ ಯಾರೋ ಒಬ್ಬರು ಮೊದಲು ಗುಟ್ಟು ಹಿಡಿದು ಓಡಿಹೋಗಬಹುದು. ಆಗ "ಏನಾದ್ರೂ ಮಾಡಿ, ರೋಚಕ ಮಾಡಿ" ಅಂತ ಕೂಗು ಏಳುತ್ತೆ. ಟಿವಿಯವರು, ಅಂದ್ರೆ ನಮ್ಮಂಥವರೇ, ಮೊದಲು ಕೂಗೋದು.

ಆಗ ಎರಡು ಪ್ರಶ್ನೆ ಕೇಳಿ. ಈ ನಿಯಮ ಹಿಂದೆ ಇರುವವನಿಗೆ ಅವಕಾಶ ಕೊಡ್ತಾ ಇದೆಯಾ, ಅಥವಾ ಫಲಿತಾಂಶವನ್ನೇ ಕೊಡ್ತಾ ಇದೆಯಾ? ಎರಡನೇದು, ಇದನ್ನು ಆಟ ಶುರುವಾಗೋ ಮುಂಚೆ ಎಲ್ಲರಿಗೂ ಹೇಳಿದ್ದಾರಾ, ಅಥವಾ ಆಟದ ಮಧ್ಯೆ ತಿರುಗಿಸ್ತಾ ಇದ್ದಾರಾ? ಅವಕಾಶ ಕೊಟ್ಟು, ಮೊದಲೇ ಹೇಳಿದ್ದರೆ, ಸೋತವನೂ ತಲೆಬಾಗಿ ಕೈಕುಲುಕಿ ಮನೆಗೆ ಹೋಗ್ತಾನೆ. ಇಲ್ಲದಿದ್ದರೆ ಗೆದ್ದವನ ಕಪ್ಪಿಗೂ ಕಳಂಕ ಅಂಟುತ್ತೆ, ಪಾಪ, ಅವನ ತಪ್ಪು ಇಲ್ಲದಿದ್ದರೂ.