ಮಗಳ ಮಂಡಿಗೆ ಏನಾಯಿತು? ಆಟಗಾರರಲ್ಲಿ ಲಿಗಮೆಂಟ್ ಗಾಯ ಹೆಚ್ಚುತ್ತಿರುವುದೇಕೆ?

(ಕಾಮಗೆರೆಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಆರೋಗ್ಯದ ವಿಷಯ ಮಾತಾಡಲು ಬಂದಿದ್ದಾರೆ ಅಂದಕೂಡಲೇ ನಿಮ್ಮ ಮಂಡಿನೋವಿಗೆ ಏನಾದರೂ ಹೇಳುತ್ತೇನೆ ಅಂತ ಅಂದುಕೊಂಡಿರುತ್ತೀರಿ. ಅದು ಇನ್ನೊಂದು ದಿನಕ್ಕಿರಲಿ. ಇವತ್ತು ನಿಮ್ಮ ಮಕ್ಕಳ ಮಂಡಿಯ ಬಗ್ಗೆ, ಅದರಲ್ಲೂ ಕಬಡ್ಡಿ, ಖೋ ಖೋ, ಥ್ರೋಬಾಲ್ ಆಡುವ ಹೆಣ್ಣುಮಕ್ಕಳ ಮಂಡಿಯ ಬಗ್ಗೆ ಮಾತಾಡೋಣ.

ಈ ಕಡೆಯ ಒಬ್ಬ ತಾಯಿ ಹೈಸ್ಕೂಲು ಓದುವ ಮಗಳನ್ನು ಕರೆದುಕೊಂಡು ಬಂದಿದ್ದರು. ಕಬಡ್ಡಿಯಲ್ಲಿ ರೈಡ್ ಹೋಗಿ ಗಕ್ಕನೆ ಹಿಂದಕ್ಕೆ ತಿರುಗಿದ್ದಾಳೆ. ಯಾರೂ ಹಿಡಿದಿರಲಿಲ್ಲ, ಮುಟ್ಟಿರಲಿಲ್ಲ. ಮಂಡಿಯೊಳಗೆ ‘ಟಪ್’ ಅಂತ ಸದ್ದಾಯಿತು, ಬಿದ್ದಳು. ಸಂಜೆಯೊಳಗೆ ಮಂಡಿ ಊದಿಕೊಂಡಿತು. ಎಣ್ಣೆ ಹಾಕಿ ನೀವಿಸಿದರು, ಪಟ್ಟು ಕಟ್ಟಿಸಿದರು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ ಅಂತ ಗೊತ್ತಾದಾಗ ಮನೆಯವರಿಗೆಲ್ಲ ಸಮಾಧಾನ. ಮೂರು ವಾರಕ್ಕೆ ಊತ ಇಳಿಯಿತು. ಹುಡುಗಿ ಮತ್ತೆ ಆಡಲು ಹೋದಳು. ಅದೇ ಮಂಡಿ ಮತ್ತೆ ಜಾರಿತು. ಎರಡನೇ ಸಲ ಒಳಗಿನ ಮೆತ್ತೆಯೂ ಹರಿದಿತ್ತು.

ಆಗಿದ್ದೇನು? ತೊಡೆಮೂಳೆಯನ್ನೂ ಕಾಲಿನ ಮೂಳೆಯನ್ನೂ ಮಂಡಿಯಲ್ಲಿ ಬಿಗಿದು ಹಿಡಿದಿರುವ ಗಟ್ಟಿ ಹಗ್ಗಗಳಿವೆ. ಅವೇ ಲಿಗಮೆಂಟ್, ಅಸ್ಥಿರಜ್ಜು. ನಟ್ಟನಡುವೆ ಎರಡು ಹಗ್ಗ ಗುಣಿಸು ಗುರುತಿನ ಹಾಗೆ ಒಂದರ ಮೇಲೊಂದು ಹಾದುಹೋಗುತ್ತವೆ. ಮುಂದಿನದನ್ನು ಡಾಕ್ಟರರು ಎಸಿಎಲ್ ಅನ್ನುತ್ತಾರೆ. ಓಡುವಾಗ ಗಕ್ಕನೆ ನಿಂತರೆ, ತಿರುಗಿದರೆ, ಹಾರಿ ಕೆಳಗಿಳಿದರೆ ಎಳೆತವೆಲ್ಲ ಅದರ ಮೇಲೆ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಹಗ್ಗ ಕಾಣುವುದಿಲ್ಲ. ಆದ್ದರಿಂದ ‘ಎಕ್ಸ್‌ರೇ ಸರಿ ಇದೆ’ ಅಂದರೆ ಮಂಡಿ ಸರಿ ಇದೆ ಅಂತ ಅರ್ಥವಲ್ಲ. ಅನುಭವಿ ಮೂಳೆ ವೈದ್ಯರು ಕೈಯಲ್ಲಿ ಎಳೆದು ನೋಡಿಯೇ ಹೆಚ್ಚಿನ ಮಟ್ಟಿಗೆ ಹೇಳಿಬಿಡುತ್ತಾರೆ, ಖಚಿತಕ್ಕೆ ಎಂಆರ್‌ಐ.

ಈ ಗಾಯ ನಮ್ಮಲ್ಲಿ ಮಾತ್ರ ಇಲ್ಲ. ಆಸ್ಟ್ರೇಲಿಯಾದಲ್ಲಿ 2000ರಿಂದ 2015ರವರೆಗಿನ ಲೆಕ್ಕ ನೋಡಿದರು. 25 ವರ್ಷದೊಳಗಿನವರಲ್ಲಿ ಈ ಹಗ್ಗ ಜೋಡಿಸುವ ಆಪರೇಷನ್ನಿನ ಪ್ರಮಾಣ ಶೇಕಡ 74ರಷ್ಟು ಏರಿತ್ತು. ಸ್ಕ್ಯಾನಿಂಗ್ ಬಂದ ಮೇಲೆ ಮೊದಲು ಗೊತ್ತಾಗದೇ ಇದ್ದದ್ದು ಈಗ ಗೊತ್ತಾಗುತ್ತಿದೆ, ಅದೂ ನಿಜ. ಆದರೆ ಅಷ್ಟೇ ಅಲ್ಲ. ಮೊದಲು ಮಕ್ಕಳು ಮರ ಹತ್ತುತ್ತಿದ್ದರು, ಕುಂಟೆಬಿಲ್ಲೆ, ಲಗೋರಿ ಎಲ್ಲ ಆಡುತ್ತಿದ್ದರು. ಕಾಲಿಗೆ ನಾನಾ ಥರದ ಅಭ್ಯಾಸ ಆಗುತ್ತಿತ್ತು. ಈಗ ಚಿಕ್ಕಂದಿನಲ್ಲೇ ಒಂದೇ ಆಟ ಹಿಡಿಸಿ ವರ್ಷವಿಡೀ ಅದನ್ನೇ ಆಡಿಸುವುದು ಹೆಚ್ಚಾಗಿದೆ. ನಮ್ಮ ಹಳ್ಳಿ ಶಾಲೆಗಳ ಕಥೆ ಇದಕ್ಕೆ ತದ್ವಿರುದ್ಧ. ವರ್ಷವೆಲ್ಲ ಆಟವಿಲ್ಲ, ಕ್ರೀಡಾಕೂಟಕ್ಕೆ ಹತ್ತು ದಿನ ಇದೆ ಅನ್ನುವಾಗ ತಂಡ ಕಟ್ಟುತ್ತಾರೆ. ಒಂದೇ ದಿನ ಮೂರು ನಾಲ್ಕು ಪಂದ್ಯ. ದಣಿದ ಸ್ನಾಯು ಮಂಡಿಯನ್ನು ಕಾಯುವುದಿಲ್ಲ.

ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ನಂಥ ಆಟಗಳಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಈ ಗಾಯ ಎರಡು ಪಟ್ಟಿಗೂ ಹೆಚ್ಚು. ಸೊಂಟದ ರಚನೆ ಬೇರೆ, ಹಾರಿ ಇಳಿಯುವಾಗ ಮಂಡಿ ಒಳಕ್ಕೆ ವಾಲುತ್ತದೆ, ತೊಡೆಯ ಹಿಂದಿನ ಸ್ನಾಯುವಿಗೆ ಬಲ ಸಾಲದು ಅಂತೆಲ್ಲ ವಿವರಿಸುತ್ತಾರೆ. ಇದನ್ನು ಕೇಳಿ ‘ನೋಡಿದ್ರಾ, ಹೆಣ್ಣುಮಕ್ಕಳಿಗೆ ಯಾಕೆ ಬೇಕು ಆಟ’ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಗಳು ದೊಡ್ಡವಳಾದ ಮೇಲೆ ಓಡಬೇಡ, ಹಾರಬೇಡ ಅಂತ ಕೂರಿಸಿದವರು ಯಾರು? ನಾವೇ ತಾನೆ! ತಮ್ಮ ಮೈದಾನದಲ್ಲಿದ್ದರೆ ಅಕ್ಕ ಕೊಡ ಹೊರುತ್ತಿರುತ್ತಾಳೆ. ಹಾಗೆ ಬೆಳೆದವಳನ್ನು ಒಂದು ದಿನ ಇದ್ದಕ್ಕಿದ್ದ ಹಾಗೆ ಕಬಡ್ಡಿ ಅಂಕಣಕ್ಕೆ ಇಳಿಸಿದರೆ ಮಂಡಿ ಏನು ಮಾಡೀತು?

ಕಲಿಸಿದರೆ ತಡೆಯಬಹುದು, ಇದಕ್ಕೆ ಸಾಕ್ಷಿ ಇದೆ. ನಾರ್ವೆ ದೇಶದಲ್ಲಿ 13ರಿಂದ 17 ವಯಸ್ಸಿನ ಫುಟ್‌ಬಾಲ್ ಹುಡುಗಿಯರಿಗೆ ಆಟಕ್ಕೆ ಮೊದಲು 20 ನಿಮಿಷದ ಮೈಬಿಸಿ ವ್ಯಾಯಾಮ ಮಾಡಿಸಿ ನೋಡಿದರು. 2008ರಲ್ಲಿ ಫಲಿತಾಂಶ ಬಂತು: ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಪಾಲು ಕಡಿಮೆ. ಅದರಲ್ಲಿ ದುಡ್ಡಿನ ಸಾಮಾನು ಏನೂ ಇಲ್ಲ. ನಿಧಾನ ಓಟ, ಬಸ್ಕಿ, ಒಂಟಿಕಾಲಲ್ಲಿ ನಿಲ್ಲುವುದು, ಹಾರಿ ಮಂಡಿ ಮಡಿಸಿ ಸದ್ದಾಗದ ಹಾಗೆ ಇಳಿಯುವುದು. ಬಸ್ಕಿಯನ್ನು ನಾವು ಶಾಲೆಯಲ್ಲಿ ಶಿಕ್ಷೆಗೆ ಮಾತ್ರ ಇಟ್ಟುಕೊಂಡಿದ್ದೇವೆ, ನೋಡಿ!

ಪೆಟ್ಟು ಬಿದ್ದೇಬಿಟ್ಟರೆ ಆಟ ಅಲ್ಲಿಗೇ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಐಸ್ ಹದಿನೈದು ನಿಮಿಷ ಇಡಿ, ಕಾಲು ಎತ್ತರದಲ್ಲಿರಲಿ. ಮೊದಲ ಎರಡು ಮೂರು ದಿನ ನೀವಿಸಬೇಡಿ, ಬಿಸಿ ಶಾಖ ಕೊಡಬೇಡಿ. ಬಿದಿರು ದಬ್ಬೆ ಇಟ್ಟು ಬಿಗಿದು ಕಟ್ಟಿದರೆ ರಕ್ತದ ಓಡಾಟವೇ ನಿಂತೀತು. ‘ಟಪ್’ ಅಂದಿದ್ದರೆ, ಕೆಲವೇ ಗಂಟೆಗಳಲ್ಲಿ ಊದಿದರೆ, ನಡೆಯುವಾಗ ಮಂಡಿ ಜಾರಿದಂತಾದರೆ ಮೂಳೆ ವೈದ್ಯರಿಗೆ ತೋರಿಸಲೇಬೇಕು. ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ, ಆದರೆ ವ್ಯಾಯಾಮ ಎಲ್ಲರಿಗೂ ಬೇಕು. ಸುಮ್ಮನೆ ಬಿಟ್ಟರೆ ಸವೆತ ಬೇಗ ಶುರುವಾಗಿ, ನಿಮ್ಮ ವಯಸ್ಸಿಗೆ ಬರುವ ಮಂಡಿನೋವು ಅವಳಿಗೆ ಮೂವತ್ತರಲ್ಲೇ ಬರಬಹುದು.

ಖರ್ಚಿನ ಮಾತು. ಯಾವುದಕ್ಕೆ ಸರ್ಕಾರದ ನೆರವು ಸಿಗುತ್ತದೆ ಅಂತ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ರೇಷನ್ ಕಾರ್ಡ್ ಹಿಡಿದು ಮೊದಲೇ ಕೇಳಿ. ಸಂಘದಲ್ಲಿ ಹಬ್ಬಕ್ಕೆ, ಮದುವೆಗೆ ಸಾಲ ಎತ್ತುತ್ತೇವೆ. ಮಗಳ ಮಂಡಿಯ ಪರೀಕ್ಷೆಗೆ ಸಾಲ ಕೇಳಲು ಯಾಕೆ ನಾಚಿಕೆ?

ವಾಪಸು ಆಡಬಹುದೇ ಅಂತ ಕೇಳುತ್ತೀರಿ. ತ್ರಿಪುರಾದ ಜಿಮ್ನಾಸ್ಟ್ ದೀಪಾ ಕರ್ಮಾಕರ್‌ಗೆ 2017ರಲ್ಲಿ ಇದೇ ಎಸಿಎಲ್ ಆಪರೇಷನ್ ಆಯಿತು. 2018ರಲ್ಲಿ ಟರ್ಕಿಯಲ್ಲಿ ಚಿನ್ನ ಗೆದ್ದರು. ಕುಸ್ತಿಯ ವಿನೇಶ್ ಫೋಗಟ್ 2023ರ ಆಗಸ್ಟ್‌ನಲ್ಲಿ ಮಂಡಿ ಆಪರೇಷನ್ ಮಾಡಿಸಿಕೊಂಡು ಮರುವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫೈನಲ್‌ವರೆಗೆ ಗೆದ್ದರು. ತೂಕದ ವಿಷಯಕ್ಕೆ ಪದಕ ತಪ್ಪಿತು, ಮಂಡಿಯ ವಿಷಯಕ್ಕಲ್ಲ. ಆದರೆ ಆಪರೇಷನ್ ಆದ ಒಂಬತ್ತು ತಿಂಗಳೊಳಗೆ ಅವಸರ ಮಾಡಿ ಇಳಿದವರಿಗೆ ಮತ್ತೆ ಹರಿಯುವ ಅಪಾಯ ಬಹಳ ಹೆಚ್ಚು.

ಮೊದಲು ಹೇಳಿದ ಆ ಹುಡುಗಿಗೆ ಈಗ ಆರು ತಿಂಗಳಾಗಿದೆ. ದಿನಾ ಗೋಡೆ ಹಿಡಿದು ಬಸ್ಕಿ ಹೊಡೆಯುತ್ತಾಳೆ, ತಾಯಿ ಎದುರಿಗೆ ಕೂತು ಎಣಿಸುತ್ತಾರೆ. ಮೊನ್ನೆ ಬಂದವಳು ‘ದಸರಾ ಕ್ರೀಡಾಕೂಟಕ್ಕೆ ಹೋಗಬಹುದಾ ಅಕ್ಕಾ?’ ಅಂದಳು. ಇನ್ನೂ ಮೂರು ತಿಂಗಳು ತಡಿ ಅಂದೆ. ಮುಖ ಸಣ್ಣ ಮಾಡಿಕೊಂಡಳು, ಆದರೆ ‘ಮುಂದಿನ ವರ್ಷ ನೋಡಿ’ ಅಂತ ಹೇಳಿಯೇ ಹೋದಳು.